ಆಷಾಢದ ಅಫಿಡವಿಟ್

ನನ್ನ ಮದುವೆಯ ಫೋಟೋದಲ್ಲಿ ನನ್ನ ಗಂಡನಿಗೆ ಬಲಗಿವಿ ಇಲ್ಲ. ಲ್ಯಾಪ್‌ಟಾಪಿನ ಪರದೆಯ ಅಂಚು ಅದನ್ನು ನುಂಗಿದೆ. ಅವರು ಅರಸೀಕೆರೆಯಲ್ಲಿ ಬಾಸಿಂಗ ಕಟ್ಟಿಕೊಂಡು ಕುಳಿತಿದ್ದರು. ನಾನು ನ್ಯೂಜೆರ್ಸಿಯ ರಾಬಿನ್ಸ್‌ವಿಲ್‌ನಲ್ಲಿ, ಅಡುಗೆಮನೆಯ ಮೇಜಿನ ಮುಂದೆ, ಬಾಸಿಂಗ ಕಟ್ಟಿಕೊಂಡು ಕುಳಿತಿದ್ದೆ. ಮೇಲಿನ ಮನೆಯ ಫ್ಲೋರಿನ್ ಆಂಟಿ ನನ್ನ ಹಿಂದೆ ನಿಂತು ತಮ್ಮ ಫೋನಿನಲ್ಲಿ ಒಂದು ಫೋಟೋ ತೆಗೆದರು. ನಾವಿಬ್ಬರೂ ಒಟ್ಟಿಗಿರುವ ಮದುವೆಯ ಚಿತ್ರ ಅದೊಂದೇ, ಮತ್ತು ಅದರಲ್ಲಿ ನಾನು ಇರುವುದು ಬರಿಯ ಬೆನ್ನಾಗಿ. ಹಾಗಾಗಿ ಅದನ್ನು ನಾವು ಗೋಡೆಗೆ ಹಾಕಿಲ್ಲ. ಅದು ಇರಬೇಕಾದ ಜಾಗದಲ್ಲಿ ನೋಟರಿಯ ಮೊಹರಿರುವ ಒಂದು ಹಾಳೆಗೆ ಕಟ್ಟು ಹಾಕಿಸಿ ತೂಗುಹಾಕಿದ್ದೇವೆ. ಮನೆಗೆ ಬಂದವರು ಅದನ್ನು ಯಾವುದೋ ಸನ್ಮಾನಪತ್ರವೆಂದುಕೊಂಡು ಓದತೊಡಗುತ್ತಾರೆ. ಮೂರನೆಯ ಸಾಲಿಗೆ ಬರುವಾಗ ತಿರುಗಿ ನಮ್ಮ ಮುಖ ನೋಡುತ್ತಾರೆ. ಅಲ್ಲಿಗೆ ಆ ದಿನದ ಮಾತುಕತೆಗೆ ವಿಷಯ ಸಿಕ್ಕಂತೆಯೇ.

ಆ ಹಾಳೆಯ ಕಥೆಯನ್ನು ನಿಮಗೂ ಹೇಳಬೇಕು. ಆದರೆ ಹೇಳುವ ಮುನ್ನ ಒಂದು ಎಚ್ಚರಿಕೆ: ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಡಿ. ನನ್ನ ಕೆಲಸವೇ ನನ್ನನ್ನು ಹೀಗೆ ಕೆಡಿಸಿದ್ದು. ಇಲ್ಲಿನ ದೊಡ್ಡ ಗೋದಾಮೊಂದರಲ್ಲಿ, ಜನ ಕೊಂಡು ವಾಪಸು ಕಳಿಸಿದ ಪಾರ್ಸೆಲ್‌ಗಳನ್ನು ಬಿಚ್ಚಿ ಪರೀಕ್ಷಿಸುವ ವಿಭಾಗ ನನ್ನದು. ಪ್ರತಿ ಪೆಟ್ಟಿಗೆಯೊಳಗೂ ಒಂದು ಚೀಟಿ ಇರುತ್ತದೆ, ಯಾಕೆ ವಾಪಸು ಎಂಬುದಕ್ಕೆ. ‘ಒಮ್ಮೆಯೂ ಬಳಸಿಲ್ಲ’ ಎಂದು ಬರೆದ ಕಾಫಿ ಯಂತ್ರದ ತಳದಲ್ಲಿ ಗಸಿ ಇರುತ್ತದೆ. ‘ಅಳತೆ ಚಿಕ್ಕದಾಯಿತು’ ಎಂದ ಕೋಟಿನ ಜೇಬಿನಲ್ಲಿ ಯಾರದೋ ಮದುವೆಯ ಊಟದ ಕರವಸ್ತ್ರ ಮಡಿಸಿಟ್ಟಿರುತ್ತದೆ. ಮೊದಮೊದಲು ನಾನು ಇವರೆಲ್ಲ ಸುಳ್ಳುಗಾರರು ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಫಾರಂನಲ್ಲಿ ಯಾವ ಪ್ರಶ್ನೆಗೆ ಜಾಗ ಇದೆಯೋ ಅದಕ್ಕೆ ಸರಿಯಾಗಿ ಮನುಷ್ಯ ನೆನಪಿಸಿಕೊಳ್ಳುತ್ತಾನೆ, ಅಷ್ಟೇ. ತೀರಾ ಅಚ್ಚುಕಟ್ಟಾದ ನೆನಪು ಕಂಡರೆ ನನಗೆ ಒರೆಸಿ ಮತ್ತೆ ಪ್ಯಾಕ್ ಮಾಡಿದ ಮಾಲು ಕಂಡಂತೆ ಕೈ ತಡೆಯುತ್ತದೆ.

ಇಂಥವಳನ್ನು ಅಮೆರಿಕ ಸರ್ಕಾರ ಗಂಡನ ವೀಸಾಕ್ಕಾಗಿ ಕೇಳಿದ್ದು ಏನು ಗೊತ್ತೆ? ‘ನೀವಿಬ್ಬರೂ ಹೇಗೆ ಪರಿಚಯವಾದಿರಿ, ವಿವರವಾಗಿ ಬರೆಯಿರಿ’ ಎಂದು.

ಪರಿಚಯವಾದದ್ದು ಪದಬಂಧದಿಂದ. ಕನ್ನಡ ಪದಬಂಧ ಬಿಡಿಸುವ ಹುಚ್ಚಿನ ಇಪ್ಪತ್ತು ಮೂವತ್ತು ಜನ ವಾಟ್ಸಾಪಿನಲ್ಲಿ ಸೇರಿಕೊಂಡು ದಿನಾ ಜಗಳವಾಡುವ ಒಂದು ಗುಂಪಿದೆ. ಶೇಖರ್ ಅಲ್ಲಿದ್ದರು. ಅವರು ಜಮೀನು ಅಳೆಯುವ ಭೂಮಾಪಕರು, ಅರಸೀಕೆರೆ ಸುತ್ತಿನ ತೆಂಗಿನ ತೋಟಗಳ ಗಡಿ ತಕರಾರುಗಳೆಲ್ಲ ಅವರ ಟೇಪಿನ ಕೆಳಗೆ ಬಂದು ತಣ್ಣಗಾಗುತ್ತವೆ. ಜೇಬಿನಲ್ಲಿ ಸದಾ ಒಂದು ಟಿಪ್ಪಣಿ ಪುಸ್ತಕ. ಬೆಳಿಗ್ಗೆ ಏನು ತಿಂದೆ ಎಂಬುದೂ ಅದರಲ್ಲಿ ಇರುತ್ತದೆ. ನನ್ನ ಪ್ರಕಾರ ಮೊದಲು ಮಾತಾಡಿಸಿದವಳು ನಾನು; ಅವರ ಉತ್ತರವೊಂದು ತಪ್ಪೆಂದು ತೋರಿಸಿದ್ದೆ. ಅವರ ಪ್ರಕಾರ ಮೊದಲು ಬರೆದವರು ಅವರು. ನನ್ನ ತಪ್ಪನ್ನು ಮರ್ಯಾದೆಯಿಂದ ಬೇರೆಯಾಗಿ ತಿಳಿಸಿದ್ದರು. ಆ ಸಂದೇಶಗಳು ನನ್ನ ಹಳೆಯ ಫೋನಿನ ಜೊತೆಗೇ ತೀರಿಕೊಂಡವು. ಸರ್ಕಾರಕ್ಕೆಂದು ನಾನು ಬರೆದ ಪತ್ರದ ಮೊದಲ ಕರಡಿನಲ್ಲಿ ಎರಡೂ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು, ‘ಇವೆರಡರ ನಡುವೆ ಎಲ್ಲೋ ನಾವು ಭೇಟಿಯಾದೆವು’ ಎಂದು ಮುಗಿಸಿದ್ದೆ. ನನಗೆ ಬಹಳ ಹಿಡಿಸಿತ್ತು. ಎಡಿಸನ್‌ನಲ್ಲಿರುವ ನಮ್ಮ ವಕೀಲೆ ಅದನ್ನು ಎರಡು ಬಾರಿ ಓದಿ, ಕನ್ನಡಕ ತೆಗೆದು, ಒಂದೇ ಆವೃತ್ತಿ ಸಾಕು ಎಂದರು.

ನಲವತ್ತೊಂದರ ತನಕ ಮದುವೆಯಾಗದೆ ಇದ್ದವಳು ಆಮೇಲೆ ಯಾಕೆ ಅಷ್ಟು ಅವಸರಪಟ್ಟೆ, ಅದೂ ಕಂಪ್ಯೂಟರಿನಲ್ಲಿ, ಎಂದು ನೀವು ಕೇಳಬಹುದು. ಕಾರಣ ತೀರಾ ಸಾದಾ. ನಮ್ಮ ವಿಭಾಗದ ಯಂತ್ರಗಳ ರಿಪೇರಿಗೆಂದು ಜುಲೈ ತಿಂಗಳ ಮೊದಲೆರಡು ವಾರ ಬಾಗಿಲು ಮುಚ್ಚುತ್ತಾರೆ. ನಮ್ಮ ರಜೆ ಎಂದರೆ ಅದೇ, ಬೇರೆ ಇಲ್ಲ. ಊರಿಗೆ ಹೋಗುವುದಿದ್ದರೆ ಆಗಲೇ ಹೋಗಬೇಕು. ಆದರೆ ಆ ವರ್ಷ ಆ ಎರಡು ವಾರಕ್ಕೆ ಸರಿಯಾಗಿ ಆಷಾಢ ಕುಳಿತಿತ್ತು. ಆಷಾಢದಲ್ಲಿ ಮದುವೆ ಮಾಡುವುದುಂಟೆ? ಶೇಖರ್ ತಾಯಿ ಗೌರಮ್ಮನವರು ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಮುಂದಿನ ಜುಲೈವರೆಗೆ ಕಾದರೆ ಅಲ್ಲಿಯೂ ಆಷಾಢ ಕಾದಿರುತ್ತದೆ. ವೀಸಾಕ್ಕೆ ಅರ್ಜಿ ಹಾಕಿದ ಮೇಲೂ ವರ್ಷದ ಮೇಲೆ ಹಿಡಿಯುತ್ತದೆ. ಹಾಗಾದರೆ ವೈಶಾಖದಲ್ಲೇ, ಇಬ್ಬರೂ ಇದ್ದಲ್ಲೇ ಇದ್ದು, ಮದುವೆ. ಈ ದೇಶದ ಪಶ್ಚಿಮದ ಕಡೆಯ ಒಂದು ಕೌಂಟಿ, ಎಂದರೆ ಜಿಲ್ಲಾ ಕಚೇರಿ, ವಿಡಿಯೊದಲ್ಲೇ ಮದುವೆ ಮಾಡಿಸಿ ಸರ್ಟಿಫಿಕೇಟು ಕೊಡುತ್ತದೆಂದು ವಕೀಲೆಯೇ ತಿಳಿಸಿದ್ದರು. ಅರಸೀಕೆರೆಯ ಜೋಯಿಸರು ಪಂಚಾಂಗದ ಜೊತೆಗೆ ಮೂರು ಊರುಗಳ ಗಡಿಯಾರ ಇಟ್ಟುಕೊಂಡು ಕುಳಿತು, ಅಲ್ಲಿ ಸಂಜೆ ಏಳೂವರೆಯ ಒಂದು ಲಗ್ನ ಹುಡುಕಿದರು. ನಮಗೆ ಬೆಳಿಗ್ಗೆ ಹತ್ತು. ಕೌಂಟಿಯವರಿಗೆ ಎಂಟು, ಕಚೇರಿ ತೆರೆಯುವ ಹೊತ್ತು. ಸರ್ಕಾರಿ ವೇಳೆಯೊಳಗೆ ಬೀಳುವ ಶುಭಲಗ್ನ ತಾವು ಈವರೆಗೆ ಯಾರಿಗೂ ಇಟ್ಟುಕೊಟ್ಟಿರಲಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿಕೊಂಡರಂತೆ.

ನನಗೆ ತಂದೆ ತಾಯಿ ಇಲ್ಲ. ಹೆಣ್ಣಿನ ಕಡೆಯವರಾಗಿ ನಿಂತವರು ಫ್ಲೋರಿನ್ ಆಂಟಿ. ಮಂಗಳೂರಿನ ಕಡೆಯವರು, ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು, ಭಾನುವಾರದ ಪೂಜೆ ತಪ್ಪಿಸದ ಕ್ಯಾಥೊಲಿಕ್. ಧಾರೆಯ ತಂಬಿಗೆ ಕೈಗಿತ್ತಾಗ ಅದನ್ನು ತಿರುಗಿಸಿ ನೋಡಿ ಹೇಳಿದರು:

“ಇದೆಲ್ಲ ನಂಗೆ ಗೊತ್ತಿಲ್ಲ ಮಾರಾಯ್ತಿ. ನೀರು ಎಷ್ಟು ಹಾಕ್ಬೇಕು ಹೇಳು, ಎಂ.ಎಲ್. ಲೆಕ್ಕದಲ್ಲಿ ಹಾಕ್ತೇನೆ.”

ಅಗ್ನಿಸಾಕ್ಷಿ ಇಲ್ಲಿ ಕಷ್ಟ. ಅಪಾರ್ಟ್‌ಮೆಂಟಿನ ಚಾವಣಿಯಲ್ಲಿ ಹೊಗೆ ಕಂಡರೆ ಕೂಗುವ ಯಂತ್ರವಿದೆ, ಅದು ಕೂಗಿದರೆ ಫೈರ್ ಟ್ರಕ್ ಬರುತ್ತದೆ. ಅಗ್ನಿಗಿಂತ ಮೊದಲು ಅಗ್ನಿಶಾಮಕದವರು ಸಾಕ್ಷಿಯಾಗುವುದು ಬೇಡವೆಂದು ಒಂದು ಎಣ್ಣೆದೀಪಕ್ಕೆ ತೃಪ್ತಿಪಟ್ಟೆವು. ಉಳಿದದ್ದು ಅಂತರಪಟ. ವಧೂವರರ ನಡುವೆ ಹಿಡಿಯುವ ಆ ಬಟ್ಟೆಯನ್ನು ಎಂಟು ಸಾವಿರ ಮೈಲಿಯ ನಡುವೆ ಎಲ್ಲಿ ಹಿಡಿಯುವುದು? ಜೋಯಿಸರೇ ಉಪಾಯ ಹೇಳಿದರು: ಮುಹೂರ್ತಕ್ಕೆ ಮುಂಚೆ ಇಬ್ಬರೂ ಕ್ಯಾಮೆರಾ ಆಫ್ ಮಾಡುವುದು, ಮುಹೂರ್ತಕ್ಕೆ ಸರಿಯಾಗಿ ಆನ್ ಮಾಡುವುದು. ಇಷ್ಟು ಚೆನ್ನಾದ ಅಂತರಪಟ ಹಿಂದೆ ಯಾವ ರಾಜಕುಮಾರಿಗೂ ಸಿಕ್ಕಿರಲಾರದು. ನಾವು ಆಫ್ ಮಾಡಿದೆವು. ಇದನ್ನು ಕೌಂಟಿಯ ಅಧಿಕಾರಿಗೆ ಹೇಳಲು ಮಾತ್ರ ಯಾರಿಗೂ ಹೊಳೆಯಲಿಲ್ಲ. ಆಕೆ ಅದೇ ಗಳಿಗೆಯಲ್ಲಿ ತಮ್ಮ ಕಾಗದ ಓದಿ, ಒಪ್ಪಿಗೆಯೇ ಎಂದು ಕೇಳಿಬಿಟ್ಟರು. ಕತ್ತಲೆಯೊಳಗಿನಿಂದ ನಾವಿಬ್ಬರೂ ಒಪ್ಪಿಗೆ ಎಂದೆವು. ಆಕೆ, ತನಗೆ ವಧುವೂ ಕಾಣುತ್ತಿಲ್ಲ, ವರನೂ ಕಾಣುತ್ತಿಲ್ಲ, ಕಾನೂನಿನ ಪ್ರಕಾರ ಒಪ್ಪುವ ಮುಖ ಕಾಣಬೇಕು, ದಯವಿಟ್ಟು ಇನ್ನೊಮ್ಮೆ ಎಂದರು. ಇನ್ನೊಮ್ಮೆ ಒಪ್ಪಿದೆವು. ಎರಡನೆಯ ಒಪ್ಪಿಗೆಯ ಹೊತ್ತಿಗೆ ಲಗ್ನ ಇನ್ನೂ ಒಂದು ನಿಮಿಷ ಉಳಿದಿತ್ತು ಎಂದು ಶೇಖರ್ ಟಿಪ್ಪಣಿ ಪುಸ್ತಕ ಹೇಳುತ್ತದೆ. ನನ್ನ ಲ್ಯಾಪ್‌ಟಾಪಿನ ಗಡಿಯಾರ, ಎರಡು ನಿಮಿಷ ಮೀರಿತ್ತು ಎನ್ನುತ್ತದೆ. ಗೌರಮ್ಮನವರ ಪ್ರಕಾರ ಮದುವೆಯಾದದ್ದು ಕತ್ತಲೆಯಲ್ಲಿ, ಕೌಂಟಿಯ ಪ್ರಕಾರ ಬೆಳಕಿನಲ್ಲಿ. ಒಟ್ಟಿನಲ್ಲಿ ಆಯಿತು. ಶೇಖರ್ ಅಲ್ಲಿ ಗಾಳಿಯಲ್ಲಿ ಮೂರು ಗಂಟು ಹಾಕಿದರು, ಫ್ಲೋರಿನ್ ಆಂಟಿ ಇಲ್ಲಿ ನನ್ನ ಕತ್ತಿನ ಹಿಂದೆ ನಿಜವಾದ ಗಂಟು ಹಾಕಿದರು. ಹೊಲಿಗೆ ಹಾಕಿ ಪಳಗಿದ ಕೈಯ ಗಂಟು. ಇವತ್ತಿಗೂ ಬಿಚ್ಚಲು ಬಂದಿಲ್ಲ.

ಸರ್ಟಿಫಿಕೇಟು ಹಿಡಿದು ಎಡಿಸನ್ನಿಗೆ ಹೋದೆ. ವಕೀಲೆ ಶುಭಾಶಯ ಹೇಳಿ, ಕುರ್ಚಿ ಮುಂದಕ್ಕೆಳೆದುಕೊಂಡು, ಇನ್ನೊಂದು ಷರತ್ತಿದೆ ಎಂದರು. ದೂರದಿಂದ ಆದ ಮದುವೆ ಮದುವೆಯೇ. ಆದರೆ ಗಂಡನಿಗೆ ವೀಸಾ ಬೇಕಾದರೆ, ಆ ಮದುವೆಯ ನಂತರ ನೀವಿಬ್ಬರೂ ನಿಜವಾಗಿ ಒಂದೆಡೆ ಸೇರಿ ಗಂಡಹೆಂಡಿರಾಗಿ ಇದ್ದಿರಬೇಕು. ಇದಕ್ಕೆ ಕಾನೂನಿನಲ್ಲಿರುವ ಪದವನ್ನು ಅವರು ಮೇಜಿನ ಮೇಲಿನ ಪೆನ್ನನ್ನು ನೋಡುತ್ತ ಉಚ್ಚರಿಸಿದರು. ಜುಲೈ ತಿಂಗಳಲ್ಲಿ ಹೋಗುತ್ತೇನಲ್ಲ, ಅದಕ್ಕೇನು ಎಂದೆ. ಹೇಳುವಾಗ ನನಗೆ ಆಷಾಢದ ಇನ್ನೊಂದು ಕಟ್ಟಳೆ ನೆನಪಿರಲಿಲ್ಲ.

ನಿಮಗೆ ನೆನಪಾಗಿರುತ್ತದೆ. ಮದುವೆಯಾದ ಮೊದಲ ಆಷಾಢದಲ್ಲಿ ಹೊಸ ಸೊಸೆ ತೌರಿನಲ್ಲಿರಬೇಕು. ಗಂಡಹೆಂಡಿರು ಕೂಡಿರಬಾರದು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಅಮೆರಿಕ ಸರ್ಕಾರ ಯಾವುದು ಆಗಲೇಬೇಕು ಎನ್ನುತ್ತಿತ್ತೋ ಆಷಾಢ ಸರಿಯಾಗಿ ಅದನ್ನೇ ಕೂಡದು ಎನ್ನುತ್ತಿತ್ತು. ಎರಡು ಸರ್ಕಾರಗಳ ನಡುವೆ ಸಿಕ್ಕಿಬಿದ್ದ ಪ್ರಜೆಯಂತೆ ನಾನು ಗೌರಮ್ಮನವರಿಗೆ ಫೋನು ಮಾಡಿದೆ.

“ಆಷಾಢದಲ್ಲಿ ಸೊಸೆ ತೌರಲ್ಲಿರ್ಬೇಕು ಕಣಮ್ಮ. ನೀನು ತೌರು ಬಿಟ್ಟು ಇಲ್ಲಿಗೇ ಬರ್ತೀನಿ ಅಂತೀಯಲ್ಲ.”

ನನಗೆ ತೌರು ಅಂತ ಏನಿದೆ ಅತ್ತೆ, ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟು, ಅದಕ್ಕೂ ಬಾಡಿಗೆ ಎಂದೆ. ಅವರು ಫೋನಿಟ್ಟರು. ಮದುವೆ ಅಲ್ಲಿಗೇ ಮುರಿದುಬಿತ್ತೆಂದು ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. (ಮಾಡಿದ್ದೆ ಎನ್ನುತ್ತಾರೆ ಫ್ಲೋರಿನ್ ಆಂಟಿ, ಅವರ ಮನೆಯಲ್ಲಿ, ಎರಡು ಸಲ.) ಮೂರನೆಯ ದಿನ ಗೌರಮ್ಮನವರೇ ಫೋನು ಮಾಡಿದರು. ಶೇಖರ್ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

“ನೋಡಮ್ಮ, ನಿಮ್ ಸರ್ಕಾರಕ್ಕೆ ನೀವಿಬ್ರೂ ಒಂದು ಸೂರಿನಡಿ ಇರ್ಬೇಕು. ಆಷಾಢಕ್ಕೆ ಅತ್ತೆ ಸೊಸೆ ಒಂದು ಹೊಸಿಲು ದಾಟ್ಬಾರ್ದು. ಎರಡ್ರಲ್ಲೂ ನಾನು ಮನೇಲಿರ್ಬೇಕು ಅಂತ ಎಲ್ಲೂ ಹೇಳಿಲ್ವಲ್ಲ? ನಾನು ತಿಪಟೂರಿಗೆ ತಂಗಿ ಮನೆಗೆ ಹೋಗ್ತೀನಿ. ನೀನು ಬಾ.”

ಗಂಡಹೆಂಡಿರ ವಿಷಯ ಎಂದು ಶೇಖರ್ ಸಣ್ಣ ದನಿಯಲ್ಲಿ ಕೇಳಿದರು. ಗೌರಮ್ಮನವರಿಗೆ ಅದಕ್ಕೂ ಉತ್ತರ ಸಿದ್ಧವಿತ್ತು.

“ಆಷಾಢದಲ್ಲಿ ಬಸುರಾದ್ರೆ ಚೈತ್ರದ ಬಿಸಿಲಲ್ಲಿ ಹೆರಿಗೆ ಆಗುತ್ತೆ ಅಂತ ಹಿಂದಿನೋರು ಬೇರೆ ಇಡ್ತಿದ್ರು ಕಣೋ. ನಿಂಗೆ ನಲವತ್ನಾಲ್ಕು. ಚೈತ್ರದ ಬಿಸಿಲು ನಿನ್ ತಂಟೆಗೆ ಬರಲ್ಲ, ಸುಮ್ನಿರು.”

ಎಡಿಸನ್ನಿನ ವಕೀಲೆಗೆ ನಾನು ಗಂಟೆಯ ಲೆಕ್ಕದಲ್ಲಿ ಹಣ ಕೊಡುತ್ತಿದ್ದೆ. ಶಾಸ್ತ್ರವನ್ನು ಮುರಿಯದೆ ಅದರೊಳಗಿನ ಬಾಗಿಲು ಹುಡುಕುವ ಈ ವಿದ್ಯೆ ಅವರಿಗೂ ಬಂದಿರಲಿಲ್ಲ. ಗೌರಮ್ಮನವರು ಒಂದೇ ಒಂದು ಕರಾರು ಹಾಕಿದರು: ಆಷಾಢದಲ್ಲಿ ಸೊಸೆಯನ್ನು ಮನೆ ತುಂಬಿಸಿಕೊಂಡರೆಂದು ಬೀದಿಯವರು ಆಡಿಕೊಳ್ಳಬಾರದು. ಜೋಡಿಯಾಗಿ ಹೊರಗೆ ಹೋಗಕೂಡದು, ಮುಂಬಾಗಿಲು ಹಾಕಿರಬೇಕು, ಹಾಲಿಗೆ ಮಾತ್ರ ತೆಗೆಯಬೇಕು. ನಾವು ಖುಷಿಯಿಂದ ಒಪ್ಪಿದೆವು. ಇದು ಎಂಥ ಒಪ್ಪಂದ ಎಂಬುದು ಅರ್ಥವಾಗಲು ಎಂಟು ತಿಂಗಳು ಬೇಕಾಯಿತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೊದಲ ಸಲ ಶೇಖರ್ ಅವರ ಬಲಗಿವಿ ನೋಡಿದೆ. ಎಡಗಿವಿಯ ಹಾಗೇ ಇತ್ತು. ಆದರೂ ನನಗೆ ಏನೋ ದೊಡ್ಡದನ್ನು ಗೆದ್ದಂತಾಯಿತು. ಪರದೆಯ ಮೇಲೆ ಮನುಷ್ಯನಿಗೆ ಎತ್ತರ ಇರುವುದಿಲ್ಲ, ಬೆನ್ನು ಇರುವುದಿಲ್ಲ, ನಡಿಗೆ ಇರುವುದಿಲ್ಲ. ಇಷ್ಟೆಲ್ಲ ಒಮ್ಮೆಗೇ ನನ್ನ ಪಾಲಿಗೆ ಬಂದಿತ್ತು. ಅವರು “ಪ್ರಯಾಣ ಆರಾಮಾಗಿತ್ತಾ?” ಎಂದು ಕೇಳಿ ನನ್ನ ಪೆಟ್ಟಿಗೆ ಎತ್ತಿಕೊಂಡರು. ಮದುವೆಯಾಗಿ ಏಳು ವಾರವಾಗಿದ್ದ ಗಂಡ ಹೆಂಡತಿಗೆ ಆಡಬೇಕಾದ ಮಾತು ಅದಲ್ಲ. ಆದರೆ ಬೇರೆ ಯಾವುದು ಎಂದು ನನಗೂ ತಿಳಿದಿರಲಿಲ್ಲ.

ಅರಸೀಕೆರೆಯ ಮನೆಯಲ್ಲಿ ಕಳೆದ ಹನ್ನೊಂದು ದಿನಗಳ ಬಗ್ಗೆ ನನ್ನಲ್ಲಿರುವುದು ಚೂರುಚೂರು. ಮುಚ್ಚಿದ ಬಾಗಿಲು, ಹಿತ್ತಿಲಿನ ಗಾಳಿ, ತೆಂಗಿನ ಗರಿಗಳ ಸದ್ದು, ಜಂಕ್ಷನ್ನಿನಲ್ಲಿ ಎಂಜಿನ್ ಬದಲಿಸುವ ರೈಲಿನ ಕೂಗು. ಮೊದಲ ಎರಡು ದಿನ ನಾವು ಒಬ್ಬರಿಗೊಬ್ಬರು ದಾರಿ ಬಿಡುವುದರಲ್ಲೇ ಕಳೆದೆವು. ಮೂರನೆಯ ದಿನ, ಮಾತು ಸಾಲದಾದಾಗ, ಅವರು ಟೇಪು ತಂದು ಅಡುಗೆಮನೆ ಅಳೆಯತೊಡಗಿದರು, ನಾನು ಇನ್ನೊಂದು ತುದಿ ಹಿಡಿದೆ. ಅಲ್ಲಿಂದ ಎಲ್ಲ ಸಲೀಸಾಯಿತು. ಟೇಪಿನ ಎರಡು ತುದಿ ಹಿಡಿದ ಇಬ್ಬರು ಬಹಳ ಹೊತ್ತು ಅಪರಿಚಿತರಾಗಿರಲು ಸಾಧ್ಯವಿಲ್ಲ. ಅವರ ಟಿಪ್ಪಣಿ ಪುಸ್ತಕದಲ್ಲಿ ಐದನೆಯ ದಿನಕ್ಕೆ ‘ಗಾಳಿ. ಮಳೆ ಇಲ್ಲ. ವನಜ ಮಾಡಿದ ಉಪ್ಪಿಟ್ಟು ಸೀದಿತ್ತು’ ಎಂದಿದೆ. ಉಪ್ಪಿಟ್ಟು ಸೀದಿರಲಿಲ್ಲ. ಏಳನೆಯ ದಿನಕ್ಕೆ ಏನೂ ಬರೆದಿಲ್ಲ, ಬರಿಯ ತಾರೀಕು. ಅಷ್ಟು ವರ್ಷಗಳ ಪುಸ್ತಕಗಳಲ್ಲಿ ಖಾಲಿ ಇರುವ ದಿನ ಅದೊಂದೇ. ಅವರ ದಾಖಲೆಗಳಲ್ಲಿ ನಾನು ಪೂರ್ತಿ ನಂಬುವುದು ಆ ಖಾಲಿ ಪುಟವನ್ನು.

ಎಂಟು ತಿಂಗಳ ನಂತರ ಸರ್ಕಾರದಿಂದ ಕಾಗದ ಬಂತು. ಮದುವೆಯ ಬಳಿಕ ನೀವಿಬ್ಬರೂ ಒಟ್ಟಿಗಿದ್ದುದಕ್ಕೆ ಕೊಟ್ಟಿರುವ ಪುರಾವೆ ಸಾಲದು, ಇಷ್ಟು ದಿನದೊಳಗೆ ಹೆಚ್ಚಿನದನ್ನು ಒದಗಿಸದಿದ್ದರೆ ಅರ್ಜಿ ತಿರಸ್ಕೃತವಾಗಬಹುದು ಎಂದಿತ್ತು. ವಕೀಲೆ ಕೇಳಿದರು, ಹೋಟೆಲಿನ ಬಿಲ್ಲು? ಇಲ್ಲ, ಮನೆಯಲ್ಲೇ ಇದ್ದೆವು. ಒಟ್ಟಿಗೆ ಮಾಡಿದ ಪ್ರವಾಸದ ಟಿಕೆಟು? ಇಲ್ಲ, ಜೋಡಿಯಾಗಿ ಹೊರಗೆ ಹೋಗುವಂತಿರಲಿಲ್ಲ. ನೋಡಿದ ನೆರೆಹೊರೆಯವರು? ಬಾಗಿಲು ಹಾಕಿತ್ತು. ಹಾಲಿನವನು? ಹಾಲಿಗೆ ಬಾಗಿಲು ತೆಗೆಯುತ್ತಿದ್ದವರು ಶೇಖರ್ ಒಬ್ಬರೇ. ಮನೆಯ ಹಿರಿಯರು? ಅವರು ತಿಪಟೂರಿನಲ್ಲಿದ್ದರು. ಪ್ರಪಂಚದಲ್ಲಿ ಗಂಡಹೆಂಡಿರು ಯಾವ ಕುರುಹೂ ಉಳಿಸದೆ ಇರಬಹುದಾದ ಒಂದೇ ಒಂದು ವಿಧಾನವನ್ನು ನಾವು ಅಕ್ಷರಶಃ ಪಾಲಿಸಿದ್ದೆವು. ಕಳ್ಳಸಾಗಣೆದಾರರಿಗೂ ಇಷ್ಟು ಶಿಸ್ತು ಇರಲಾರದು.

ಫೋಟೋಗಳಿದ್ದವು. ಅಡುಗೆಮನೆಯಲ್ಲಿ ನಾವೇ ತೆಗೆದುಕೊಂಡವು, ಬೇರೆ ಬೇರೆ ಸೀರೆ, ಬೇರೆ ಬೇರೆ ಅಡುಗೆ. ವಕೀಲೆ ಅವನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಬೆರಳಿಟ್ಟು ತೋರಿಸಿದರು. ಪ್ರತಿಯೊಂದರಲ್ಲೂ ನಮ್ಮ ಹಿಂದೆ ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಪ್ರತಿಯೊಂದರಲ್ಲೂ ಒಂದೇ ತಾರೀಕು. ಗೌರಮ್ಮನವರು ತಿಪಟೂರಿಗೆ ಹೊರಟ ದಿನದ ಹಾಳೆ ಹಾಗೆಯೇ ನಿಂತಿತ್ತು. ಹನ್ನೊಂದು ದಿನ ನಮಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ಒಂದೇ ದಿನ ಆರು ಸೀರೆ ಬದಲಿಸಿ ತೆಗೆಸಿಕೊಂಡ ನಾಟಕದ ಫೋಟೋಗಳಂತೆ ಇವೆ ಎಂದರು ವಕೀಲೆ. ಫೋನಿನೊಳಗೆ ನಿಜವಾದ ತಾರೀಕು ಇರುತ್ತದಲ್ಲ ಎಂದೆ. ಅದನ್ನು ಯಾರು ಬೇಕಾದರೂ ತಿದ್ದಬಹುದು ಎಂದರು. ಪೆಟ್ಟಿಗೆ ಬಿಚ್ಚಿ, ಚೀಟಿ ಓದಿ, ತಲೆಯಾಡಿಸುವ ನನ್ನದೇ ಕೆಲಸವನ್ನು ಯಾರೋ ಈಗ ನನ್ನ ಮದುವೆಯ ಮೇಲೆ ಮಾಡುತ್ತಿದ್ದರು. ನಾನು ಹೊರಗೆ ಬಂದು ಕಾರಿನಲ್ಲಿ ಕುಳಿತು ಅತ್ತೆ.

ಶೇಖರ್‌ಗೆ ಹೇಳುವ ಧೈರ್ಯವಾಗದೆ ಗೌರಮ್ಮನವರಿಗೇ ಫೋನು ಮಾಡಿದೆ. ಅವರು ಪೂರ್ತಿ ಕೇಳಿ, ಸಾಕ್ಷಿ ಯಾರು ಹೇಳಬಹುದು ಎಂದು ವಿಚಾರಿಸಿದರು. ಮನೆಯವರು ಹೇಳಬಹುದಿತ್ತು, ಆದರೆ ನೀವು ಇರಲಿಲ್ಲವಲ್ಲ ಅತ್ತೆ ಎಂದೆ.

“ಇರ್ಲಿಲ್ಲ ಅಂತಲೇ ಹೇಳ್ತೀನಿ. ಯಾಕೆ ಇರ್ಲಿಲ್ಲ ಅಂತಲೂ ಹೇಳ್ತೀನಿ. ಅವ್ರಿಗೆ ತಲೆ ಇದ್ರೆ ಸಾಕು.”

ಮರುದಿನವೇ ಅವರು ಅರಸೀಕೆರೆಯ ನೋಟರಿಯ ಮುಂದೆ ಕುಳಿತು ಹೇಳಿ ಬರೆಸಿದ್ದು ಈ ಹಾಳೆ. ನೋಟರಿ ಅದನ್ನು ಕಾನೂನಿನ ಭಾಷೆಗೆ ಇಳಿಸಲು ಹೊರಟಾಗ, ನಾನು ಹೇಳಿದ್ದು ನಾನು ಹೇಳಿದ ಹಾಗೇ ಇರಲಿ ಎಂದು ತಡೆದರಂತೆ. ಇಂಗ್ಲಿಷಿಗೆ ತಂದವರು ಫ್ಲೋರಿನ್ ಆಂಟಿ, ಅರ್ಜಿದಾರಳಾದ ನಾನು ಅನುವಾದ ಮಾಡದಿರುವುದೇ ಒಳ್ಳೆಯದೆಂದು ವಕೀಲೆ ಹೇಳಿದ್ದರಿಂದ. ಅನುವಾದ ಮಾಡುವಾಗ ಅವರು ನಗು ತಡೆಯಲಾರದೆ ಎರಡು ಸಲ ಎದ್ದು ನೀರು ಕುಡಿದರು. ಹಾಳೆ ಹೀಗಿದೆ:

‘ನಾನು, ಗೌರಮ್ಮ, ಪ್ರಮಾಣ ಮಾಡಿ ಹೇಳುವುದೇನೆಂದರೆ, ನನ್ನ ಮಗನೂ ಸೊಸೆಯೂ ನನ್ನ ಮನೆಯಲ್ಲಿ ಹನ್ನೊಂದು ದಿನ ಒಟ್ಟಿಗೆ ಇದ್ದುದನ್ನು ನಾನು ನೋಡಿಲ್ಲ. ಆಷಾಢದಲ್ಲಿ ನಾನು ನೋಡಬಾರದು, ಅದಕ್ಕಾಗಿಯೇ ಮನೆ ಬಿಟ್ಟು ಹೋಗಿದ್ದೆ. ನನ್ನ ಸೊಸೆ ಆ ಮನೆಯಲ್ಲಿ ಇಲ್ಲದಿದ್ದರೆ ನಾನು ಹನ್ನೊಂದು ದಿನ ನನ್ನ ತಂಗಿಯ ಸೊಸೆ ಮಾಡಿದ ಸಾರು ಉಣ್ಣುವ ಅಗತ್ಯ ಇರಲಿಲ್ಲ. ಫೋಟೋಗಳಲ್ಲಿ ಕ್ಯಾಲೆಂಡರು ಒಂದೇ ದಿನ ತೋರಿಸುತ್ತದೆ ಎಂದು ತಿಳಿಯಿತು. ಅದರ ಹಾಳೆ ಹರಿಯುವವಳು ನಾನು. ನಾನಿಲ್ಲದಾಗ ನಮ್ಮ ಮನೆಯಲ್ಲಿ ದಿನ ಬದಲಾಗುವುದಿಲ್ಲ. ನಾನು ವಾಪಸು ಬಂದಾಗ ಒಲೆಯ ಬಲಗಡೆ ಇರುತ್ತಿದ್ದ ಸಾಸಿವೆ ಡಬ್ಬಿ, ಉಪ್ಪಿನ ಡಬ್ಬಿ, ಸೌಟು ಎಲ್ಲವೂ ಎಡಗಡೆಗೆ ಹೋಗಿದ್ದವು. ನನ್ನ ಮಗ ಬಲಗೈಯವನು. ಅವನಿಗೆ ಸಾಸಿವೆ ಡಬ್ಬಿ ಎಲ್ಲಿದೆ ಎಂದೂ ಗೊತ್ತಿಲ್ಲ. ಆ ಡಬ್ಬಿಗಳು ಈಗಲೂ ಎಡಗಡೆಯೇ ಇವೆ. ನಾನು ತೆಗೆದಿಲ್ಲ.’

ನನಗೆ ಎಡಗೈ ರೂಢಿ. ಇದನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ. ಹೇಳುವ ವಿಷಯವೂ ಅಲ್ಲ. ಎಡಗೈಯಲ್ಲಿ ಬಡಿಸಿದರೆ ಏನನ್ನುತ್ತಾರೋ ಎಂಬ ಅಳುಕೇ ಇತ್ತು. ಅವರು ಡಬ್ಬಿಗಳನ್ನು ನೋಡಿ ತಿಳಿದುಕೊಂಡಿದ್ದರು, ಮತ್ತು ಅಷ್ಟು ತಿಂಗಳು ತಮ್ಮದಲ್ಲದ ಕಡೆಗೆ ಕೈ ಚಾಚಿ ಅಡುಗೆ ಮಾಡಿದ್ದರು. ಕೊನೆಯ ಆ ಎರಡು ಪದಗಳನ್ನು ಫ್ಲೋರಿನ್ ಆಂಟಿ ಇಂಗ್ಲಿಷಿಗೆ ತರುವಾಗ ಮಾತ್ರ ನಗಲಿಲ್ಲ.

ಸಾಕ್ಷಿಯ ವಿಷಯದಲ್ಲಿ ನನಗೊಂದು ಅನುಮಾನ ಮೊದಲಿನಿಂದಲೂ ಇದೆ. ಕಣ್ಣಾರೆ ಕಂಡವರನ್ನು ನಾವು ದೊಡ್ಡವರು ಎನ್ನುತ್ತೇವೆ. ಕಂಡವರು ಮಾಡುವುದೇನು? ಕಂಡದ್ದನ್ನು ಪ್ರತಿ ಸಲ ಹೇಳುತ್ತ ಹೇಳುತ್ತ ನುಣುಪು ಮಾಡುತ್ತಾರೆ. ನನ್ನ ಮದುವೆಯನ್ನು ಮೂರು ಊರಿನಿಂದ ಕಂಡವರಿದ್ದಾರೆ, ಅದು ಎಷ್ಟು ಗಂಟೆಗೆ ಆಯಿತೆಂದು ಇಬ್ಬರು ಒಂದೇ ಮಾತು ಹೇಳುವುದಿಲ್ಲ. ಕಾಣದವರಿಗೆ ಆ ಸೌಕರ್ಯ ಇಲ್ಲ. ಡಬ್ಬಿ ಎಲ್ಲಿತ್ತು, ಎಲ್ಲಿಗೆ ಹೋಯಿತು ಎಂಬುದನ್ನು ಹಿಡಿದುಕೊಂಡೇ ಅವರು ನಡೆಯಬೇಕು. ಗೋದಾಮಿನಲ್ಲಿ ನಾನು ಮಾಡುವುದೂ ಅದನ್ನೇ. ಆದರೆ ನಾನು ಹುಡುಕುವುದು ಸುಳ್ಳನ್ನು. ಅದೇ ಗಸಿ, ಅದೇ ಜೇಬು, ಅದೇ ಮಡಿಕೆ ನೋಡಿ ನಿಜವನ್ನೂ ಹುಡುಕಬಹುದು ಎಂದು ನನಗೆ ಕಲಿಸಿದವರು ಅರಸೀಕೆರೆ ದಾಟಿದರೆ ತಿಪಟೂರಿಗೆ ಮಾತ್ರ ಹೋಗುವ ನನ್ನ ಅತ್ತೆ.

ಅರ್ಜಿ ಮಂಜೂರಾಯಿತು. ಅಲ್ಲಿಂದ ಮತ್ತೆ ಕಾಯುವುದು, ಪೊಲೀಸ್ ಸರ್ಟಿಫಿಕೇಟು, ವೈದ್ಯರ ತಪಾಸಣೆ, ಕೊನೆಗೆ ಮುಂಬೈಯ ಅಮೆರಿಕ ದೂತಾವಾಸದಲ್ಲಿ ಸಂದರ್ಶನ. ಶೇಖರ್ ಎರಡು ಕಡತ ತುಂಬ ದಾಖಲೆ ಹೊತ್ತುಕೊಂಡು ಹೋದರು. ನಮ್ಮ ಪರಿಚಯದ ಪತ್ರದ ಒಪ್ಪಿತ ಆವೃತ್ತಿಯನ್ನು ಬಾಯಿಪಾಠ ಮಾಡಿದ್ದರು. ಕಿಟಕಿಯ ಆಚೆಗಿದ್ದ ಅಧಿಕಾರಿ ಯುವತಿ ಅದಾವುದನ್ನೂ ಕೇಳಲಿಲ್ಲವಂತೆ. ಒಂದು ಹಾಳೆಯನ್ನು ಓದುತ್ತ ಬಹಳ ಹೊತ್ತು ಕುಳಿತಿದ್ದು, ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದರಂತೆ: ನಿಮ್ಮ ಹೆಂಡತಿ ಯಾವ ಕೈಯಲ್ಲಿ ಬರೆಯುತ್ತಾರೆ?

ಎಡಗೈ, ಎಂದರು ಶೇಖರ್. ಆಮೇಲೆ, ತಮ್ಮ ಸ್ವಭಾವದಂತೆ, ಕೇಳದಿದ್ದರೂ ಸೇರಿಸಿದರು: ಉಪ್ಪಿಟ್ಟನ್ನೂ ಎಡಗೈಯಲ್ಲೇ ಕದಡುತ್ತಾರೆ, ಅದಕ್ಕೇ ಒಂದು ಬದಿ ಸೀಯುತ್ತದೆ. ಅಧಿಕಾರಿ ನಕ್ಕರೋ ಇಲ್ಲವೋ ಎಂಬುದರಲ್ಲಿ ಶೇಖರ್‌ಗೆ ಖಚಿತವಿಲ್ಲ. ಗಾಜು ಹೊಳೆಯುತ್ತಿತ್ತಂತೆ. ಪಾಸ್‌ಪೋರ್ಟನ್ನು ಒಳಗೆ ಇಟ್ಟುಕೊಂಡು, ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ ಎಂದದ್ದು ಮಾತ್ರ ಖಚಿತ. ಅದು ಟಿಪ್ಪಣಿ ಪುಸ್ತಕದಲ್ಲಿದೆ, ಕೆಳಗೆ ಎರಡು ಗೆರೆ ಎಳೆದು.

ನ್ಯೂಅರ್ಕ್ ವಿಮಾನ ನಿಲ್ದಾಣದಿಂದ ಅವರನ್ನು ಕರೆತಂದ ದಿನ ಹಿಮ ಬಿದ್ದು ಕರಗಿ ರಸ್ತೆಯೆಲ್ಲ ಕೆಸರಾಗಿತ್ತು. ನಮ್ಮೂರಿನಲ್ಲಿರುವ ದೊಡ್ಡ ಹಿಂದೂ ದೇವಸ್ಥಾನದ ಶಿಖರಗಳೂ ಗೋದಾಮುಗಳ ಸಾಲೂ ಮಧ್ಯಾಹ್ನದ ಬಿಸಿಲಿನಲ್ಲಿ ಒಂದೇ ಸಮ ಬೆಳ್ಳಗಿದ್ದವು. ಹೆದ್ದಾರಿಯ ಎಂಟನೆಯ ಎಕ್ಸಿಟ್ ದಾಟುವವರೆಗೂ ನಾನು ಹಾಡಿಕೊಳ್ಳುತ್ತಿದ್ದೆ. ಯಾವ ಹಾಡೆಂದು ಕೇಳಬೇಡಿ, ನೆನಪಿಲ್ಲ. ನಮ್ಮ ಅಪಾರ್ಟ್‌ಮೆಂಟಿಗೆ ಹೊಸ್ತಿಲಿಲ್ಲ, ಕಾರ್ಪೆಟ್ಟು ಮುಗಿಯುವಲ್ಲಿ ಒಂದು ತಗಡಿನ ಪಟ್ಟಿ ಇದೆ. ಫ್ಲೋರಿನ್ ಆಂಟಿ ಅದರ ಮೇಲೆ ಅಕ್ಕಿಹಿಟ್ಟಿನಲ್ಲಿ ಎರಡು ಗೆರೆ ಎಳೆದು, ಅಳತೆಯ ಲೋಟದಲ್ಲಿ ಅಕ್ಕಿ ತುಂಬಿಸಿ ಇಟ್ಟಿದ್ದರು. ಮದುಮಗಳ ಬದಲು ಮದುಮಗ ಸೇರನ್ನೊದೆದು ಒಳಗೆ ಬಂದ. ಬಾಗಿಲು ಹಾಕುವ ಮುಂಚೆಯೇ ಫೋನು ಹೊಡೆದುಕೊಂಡಿತು. ವಿಡಿಯೊ ಅಲ್ಲ, ಬರಿಯ ದನಿ. ಗೌರಮ್ಮನವರು ಕೇಳಿದ್ದು ಒಂದೇ, ಯಾವ ಕಾಲಿಟ್ಟು ಒಳಗೆ ಬಂದ ಎಂದು.

ಬಲಗಾಲು ಎಂದರು ಶೇಖರ್. ಎಡಗಾಲು ಎಂದೆ ನಾನು. ಬಲಗೈಯಲ್ಲಿ ಭಾರದ ಪೆಟ್ಟಿಗೆ ಇತ್ತು, ಎಡಗಾಲೇ ಮುಂದೆ ಬಂದಿತ್ತು, ನಾನು ನೋಡಿದ್ದೇನೆ. ಅಕ್ಕಿ ಯಾವ ಕಡೆ ಚೆಲ್ಲಿದೆ ನೋಡಿ ಎಂದು ಫ್ಲೋರಿನ್ ಆಂಟಿ ಬಗ್ಗಿದರು. ಅದು ಎರಡೂ ಕಡೆ ಚೆಲ್ಲಿತ್ತು. ನಾವು ಮೂವರೂ ತಗಡಿನ ಪಟ್ಟಿಯ ಸುತ್ತ ನಿಂತು ವಾದಿಸುತ್ತಿರುವಾಗ, ಫೋನಿನೊಳಗಿನಿಂದ ತೀರ್ಪು ಬಂತು.

“ನಾನಂತೂ ನೋಡಿಲ್ಲ. ಅದಕ್ಕೇ ಹೇಳ್ತೀನಿ, ಬಲಗಾಲೇ. ಅಕ್ಕಿ ಬಾಚಿಟ್ಟು ಊಟ ಮಾಡಿ.”

ಎಡಗೈಯಲ್ಲಿ ಅಕ್ಕಿ ಬಾಚಿದೆ. ಬಡಿಸಿದ್ದೂ ಎಡಗೈಯಲ್ಲೇ.